ಹ್ಯಾಂಡಲಿಗೆ ಕೈ ಹಾಕುವ ಮೊದಲು: ಮೂಲೆಗೆ ಬಿದ್ದ ಲಿಸ್ಟರ್ ಎಂಜಿನ್ನಿಗೆ ಮತ್ತೆ ಜೀವ

ಕೇಳುಗರಿಗೆ ನಮಸ್ಕಾರ.

ತೋಟದ ಪಂಪ್‌ಹೌಸಿನಲ್ಲೋ, ಬಾಗಿಲು ಹಾಕಿದ ಹಿಟ್ಟಿನ ಗಿರಣಿಯಲ್ಲೋ, ಆಲೆಮನೆಯ ಹಿಂದಿನ ಚಪ್ಪರದಲ್ಲೋ ಒಂದು ಆಯಿಲ್ ಎಂಜಿನ್ ನಿಂತಿರುತ್ತದೆ. ಎರಡು ಕಡೆ ಎರಡು ದೊಡ್ಡ ಫ್ಲೈವೀಲು, ನಡುವೆ ಎತ್ತರದ ಒಂಟಿ ಸಿಲಿಂಡರು, ಮಾಸಿದ ಹಸಿರು ಬಣ್ಣ. ಕರೆಂಟು ಬಂದ ಮೇಲೆ ಅದರ ತಂಟೆಗೆ ಯಾರೂ ಹೋಗಿಲ್ಲ. ಈಗ ಹಳೇ ಯಂತ್ರಗಳ ಹುಚ್ಚು ಹಿಡಿದವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮಾಡುವ ಮೊದಲ ಕೆಲಸವೇ ತಪ್ಪು: ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ನೋಡುತ್ತಾರೆ. ಇಪ್ಪತ್ತು ವರ್ಷ ಸುಮ್ಮನೆ ನಿಂತಾಗ ಆಗದ ಹಾನಿ ಆ ಹತ್ತು ನಿಮಿಷದಲ್ಲಿ ಆಗಿಬಿಡುತ್ತದೆ.

ಇದರ ತವರು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯ ಡರ್ಸ್ಲಿ ಎಂಬ ಊರು. ಆರ್.ಎ. ಲಿಸ್ಟರ್ ಕಂಪನಿ 1930ರ ಹೊತ್ತಿಗೆ ಸಿ.ಎಸ್. ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಸಿ.ಎಸ್. ಅಂದರೆ ಕೋಲ್ಡ್ ಸ್ಟಾರ್ಟ್. ಅದಕ್ಕೂ ಹಿಂದಿನ ಎಷ್ಟೋ ಎಣ್ಣೆ ಎಂಜಿನ್ನುಗಳ ತಲೆಯನ್ನು ಬ್ಲೋಲ್ಯಾಂಪಿನಿಂದ ಕಾಯಿಸದೆ ಅವು ಹೊರಡುತ್ತಲೇ ಇರಲಿಲ್ಲ, ಇದಕ್ಕೆ ಆ ಗೋಜಿಲ್ಲ. ನಮ್ಮಲ್ಲಿ ಹೆಚ್ಚು ಕಾಣುವ 6/1 ಮಾದರಿಗೆ ಒಂದೇ ಸಿಲಿಂಡರು, ನಿಮಿಷಕ್ಕೆ 650 ಸುತ್ತಿಗೆ 6 ಅಶ್ವಶಕ್ತಿ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ನಾಲ್ಕೂವರೆ ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, ಐದೂವರೆ ಇಂಚು. ಇದೇ ನಕ್ಷೆ ಹಿಡಿದು ಗುಜರಾತಿನ ರಾಜಕೋಟ್‌ನ ಫೌಂಡ್ರಿಗಳು ಎರಕ ಹೊಯ್ದವು. ಹೀಗಾಗಿ ನಿಮ್ಮೂರಿನಲ್ಲಿರುವುದು ಡರ್ಸ್ಲಿಯದ್ದಕ್ಕಿಂತ ರಾಜಕೋಟ್‌ನದ್ದಾಗಿರುವ ಸಂಭವವೇ ಹೆಚ್ಚು. ಅದರಿಂದ ಮರ್ಯಾದೆಯೇನೂ ಕಡಿಮೆಯಾಗದು, ಶುರುವಿನಲ್ಲಿ ಒಂದು ಕೆಲಸ ಮಾತ್ರ ಹೆಚ್ಚುತ್ತದೆ.

ಆ ಕೆಲಸ ಕ್ರ್ಯಾಂಕ್‌ಕೇಸಿನ, ಅಂದರೆ ಸಿಲಿಂಡರಿನ ಕೆಳಗಿನ ಪೆಟ್ಟಿಗೆಯ, ಒಳಗಿನದು. ಬದಿಯ ಬಾಗಿಲನ್ನು ಬಿಚ್ಚಿ, ತಳದ ಹಳೇ ಆಯಿಲನ್ನು ತೆಗೆದು, ಒಳಗೆ ಬೆರಳಾಡಿಸಿ. ಕರೀ ಕೆಸರಿನ ಜೊತೆ ಬೆರಳಿಗೆ ಮರಳು ಮರಳಾಗಿ ಹತ್ತಿದರೆ ಅದು ಹೊರಗಿನ ಧೂಳಲ್ಲ, ಎರಕದ ಅಚ್ಚಿನ ಮರಳು. ಫೌಂಡ್ರಿಯಲ್ಲಿ ಸರಿಯಾಗಿ ಕೆರೆಯದೆ ಬಿಟ್ಟದ್ದು ವರ್ಷಗಟ್ಟಲೆ ಉದುರುತ್ತಲೇ ಇರುತ್ತದೆ. ಈ ಎಂಜಿನ್ನಿನಲ್ಲಿ ಆಯಿಲ್ ಫಿಲ್ಟರ್ ಇಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬುಡದಲ್ಲಿ ಚಮಚದಂಥ ಒಂದು ಡಿಪ್ಪರ್ ಇದೆ. ಅದು ಸುತ್ತಿಗೊಮ್ಮೆ ಆಯಿಲಿನಲ್ಲಿ ಅದ್ದಿ ಎರಚುವುದೇ ಇಡೀ ವ್ಯವಸ್ಥೆ. ತಳದಲ್ಲಿ ಮರಳಿದ್ದರೆ ಅದು ಎರಚುವುದೂ ಮರಳನ್ನೇ. ಸೀಮೆಎಣ್ಣೆ, ತಂತಿ ಬ್ರಷ್ಷು, ನೂಲು ಬಿಡದ ಬಟ್ಟೆ ಹಿಡಿದು ಮೂಲೆಮೂಲೆ ಉಜ್ಜಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಬಿಡಬೇಡಿ. ಆಮೇಲೆ ನಮ್ಮ ಬಯಲುಸೀಮೆಯ ಬಿಸಿಲಿಗೆ 40 ನಂಬರಿನ ಆಯಿಲನ್ನು ಗೇಜಿನ ಗುರುತಿನವರೆಗೆ ಹಾಕಿ. ಗುರುತು ಮೀರಿ ತುಂಬಿಸಿದರೆ ಡಿಪ್ಪರ್ ಅದನ್ನು ಮೇಲಕ್ಕೆಸೆದು ಪಿಸ್ಟನ್ ಸುತ್ತಲಿನ ರಿಂಗು ದಾಟಿಸುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ.

ಇನ್ನು ಪಿಸ್ಟನ್. ಬರಿಗೈಯಲ್ಲಿ ಫ್ಲೈವೀಲ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಮಿಸುಕದಿದ್ದರೆ ರಿಂಗು ತುಕ್ಕಿಗೆ ಕಚ್ಚಿಕೊಂಡಿದೆ. ಸುತ್ತಿಗೆ, ಹಾರೆ, ಟ್ರ್ಯಾಕ್ಟರಿಗೆ ಬೆಲ್ಟು ಕಟ್ಟಿ ಎಳೆಯುವ ಸಾಹಸ, ಇವೆಲ್ಲ ಬೇಡ. ಎಳೆದರೆ ಬಿಡುತ್ತದೆ ನಿಜ, ರಿಂಗು ಮುರಿದುಕೊಂಡು ಬಿಡುತ್ತದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಮತ್ತು ತೆಳು ಆಯಿಲ್ ಅರ್ಧಕ್ಕರ್ಧ ಬೆರೆಸಿ ಒಂದು ಲೋಟದಷ್ಟು ಹೊಯ್ಯಿರಿ. ಎರಡು ಮೂರು ದಿನ ಬಿಟ್ಟು ದಿನಕ್ಕೆರಡು ಸಲ ಫ್ಲೈವೀಲನ್ನು ತೂಗಿ ನೋಡಿ. ಕೂದಲೆಳೆಯಷ್ಟು ಅಲುಗಿತೆಂದರೆ ಗೆದ್ದಂತೆ, ಮರುದಿನ ಬೆರಳಗಲ ಅಲುಗುತ್ತದೆ. ಪಿಸ್ಟನ್ ಬಿಟ್ಟ ಮೇಲೆ ಆ ಎಣ್ಣೆಯನ್ನು ಒಳಗೇ ಬಿಟ್ಟು ಸ್ಟಾರ್ಟ್ ಮಾಡಬೇಡಿ. ನಾಜಲ್ ಬಿಚ್ಚಿದ ಸ್ಥಿತಿಯಲ್ಲೇ ಹತ್ತಾರು ಸುತ್ತು ತಿರುಗಿಸಿ ಹೊರಗೆ ಹಾಕಿ, ತಳಕ್ಕೆ ಇಳಿದಿದ್ದರೆ ಆಯಿಲನ್ನೂ ಬದಲಿಸಿ.

ವಾಲ್ವುಗಳನ್ನೂ ಈಗಲೇ ನೋಡಿ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವು ತನ್ನ ಕೊಳವೆಯಾದ ಗೈಡಿನಲ್ಲಿ ಕಚ್ಚಿಕೊಂಡು ತೆರೆದೇ ನಿಂತಿದ್ದರೆ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒತ್ತಡ, ಹುಟ್ಟುವುದಿಲ್ಲ. ಮುಚ್ಚಿದಂತೆ ಕಚ್ಚಿದ್ದರೆ ಅದನ್ನು ತೆರೆಯಲು ಕೆಳಗಿನಿಂದ ತಳ್ಳುವ ಪುಶ್‌ರಾಡ್ ಬಾಗುತ್ತದೆ. ವಾಲ್ವಿನ ಕಾಂಡಕ್ಕೆ ಸೀಮೆಎಣ್ಣೆ ಬಿಟ್ಟು, ಮರದ ತುಂಡಿಟ್ಟು ಮೆಲ್ಲಗೆ ತಟ್ಟುತ್ತ ಸಡಿಲಿಸಬೇಕು. ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪು ಎಂಜಿನ್ ತಣ್ಣಗಿರುವಾಗ 17 ಥೌ (ಇಂಚಿನ ಸಾವಿರದಲ್ಲಿ 17 ಭಾಗ), ಅಂದರೆ 0.43 ಮಿ.ಮೀ., ಎರಡು ವಾಲ್ವಿಗೂ ಅಷ್ಟೇ. ಗಾಳಿ ಒಳಬಿಡುವ ಇನ್ಲೆಟ್ ವಾಲ್ವು ತೆರೆದು ಮುಚ್ಚಿದ ಮೇಲೆ ಪಿಸ್ಟನ್ ತುದಿಗೆ ಬಂದಾಗ ಎರಡೂ ರಾಕರುಗಳು ಸಡಿಲವಾಗಿರುತ್ತವೆ, ಆಗ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜು, ಇಟ್ಟು ನೋಡಿ. ಸೈಲೆನ್ಸರ್ ಕೊಳವೆಯೊಳಕ್ಕೂ ಒಮ್ಮೆ ಟಾರ್ಚು ಬಿಡಿ. ಕಣಜದ ಗೂಡಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ.

ಡೀಸೆಲ್ ದಾರಿಯಲ್ಲಿ ಗಾಳಿ ಹಿಡಿದಿದ್ದರೆ ಎಷ್ಟು ಹ್ಯಾಂಡಲ್ ಹೊಡೆದರೂ ಬೆವರೇ ಗತಿ. ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿ, ಮೊದಲು ಫಿಲ್ಟರಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ, ಕೊನೆಗೆ ನಾಜಲಿನ ನಟ್ಟು, ಇದೇ ಕ್ರಮದಲ್ಲಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ನಟ್ಟು ಬಿಗಿದ ಮೇಲೆ ಫ್ಲೈವೀಲ್ ನಿಧಾನ ತಿರುಗಿಸಿದಾಗ ನಾಜಲ್ ಕಿರ್ರ್ ಎಂದು ಕೂಗಬೇಕು. ಕೂಗಿತೋ, ಅರ್ಧ ಎಂಜಿನ್ ಸರಿಯಿದೆ. ಸದ್ದೇ ಬರದಿದ್ದರೆ ಒಂದೋ ಇನ್ನೂ ಗಾಳಿಯಿದೆ, ಇಲ್ಲವೇ ನಾಜಲ್ ಸೋರುತ್ತಿದೆ. ಪರೀಕ್ಷಿಸಲು ನಾಜಲನ್ನು ಹೊರಗೆ ಬಿಚ್ಚಿಟ್ಟಾಗ ಅದರ ಮುಂದೆ ಕೈ ಒಡ್ಡಲೇಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮುವ ಗಳಿಗೆಯ, ಬಗ್ಗೆ ಅನುಮಾನವಿದ್ದರೆ ಒಂದು ದಾರ ಸಾಕು. ಡೀಸೆಲ್ ಪಂಪು ಮಾಡಲು ಶುರುವಾಗಬೇಕಾದದ್ದು ಪಿಸ್ಟನ್ ತುದಿಗೆ ಬರುವ 20 ಡಿಗ್ರಿ ಮೊದಲು. ಫ್ಲೈವೀಲಿನ ಸುತ್ತಳತೆಯನ್ನು ದಾರದಲ್ಲಿ ಅಳೆದು 18 ಭಾಗ ಮಾಡಿ, ಒಂದು ಭಾಗವೇ 20 ಡಿಗ್ರಿ. ತುದಿಯ ಗುರುತಿನಿಂದ ಅಷ್ಟು ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಪಂಪಿನ ಮೇಲಿನ ಪೈಪು ಬಿಚ್ಚಿ ಚಕ್ರ ತಿರುಗಿಸುತ್ತ ಬಂದರೆ, ಅಲ್ಲಿ ನಿಂತ ಡೀಸೆಲ್ ಮೇಲೆದ್ದು ಅಲುಗುವ ಗಳಿಗೆಗೆ ಗೆರೆ ಸರಿಹೊಂದಬೇಕು. ತಡವಾಗಿದ್ದರೆ ಪಂಪಿನ ಕೆಳಗಿನ ಟ್ಯಾಪೆಟ್ ಸ್ಕ್ರೂವನ್ನು ಮೇಲೆತ್ತಬೇಕು, ಬೇಗವಾಗಿದ್ದರೆ ಇಳಿಸಬೇಕು.

ಸ್ಟಾರ್ಟ್ ಮಾಡುವ ಮೊದಲು ವೇಗ ಹಿಡಿತದಲ್ಲಿಡುವ ಗವರ್ನರಿನಿಂದ ಪಂಪಿಗೆ ಬರುವ ಕಡ್ಡಿಯನ್ನು ಕೈಯಲ್ಲಿ ಆಡಿಸಿ ನೋಡಿ. ಅದು ಬಿಗಿಯಾಗಿದ್ದರೆ ಎಂಜಿನ್ ಹುಚ್ಚು ಹಿಡಿದಂತೆ ಓಡುತ್ತದೆ, 650 ಸುತ್ತಿಗೆಂದು ಎರಕವಾದ ಫ್ಲೈವೀಲು ಸಿಡಿದರೆ ಗೋಡೆಯೂ ತಡೆಯದು. ಹಾಗೆ ಓಡಿದರೆ ನಿಲ್ಲಿಸಲು, ಎಂಜಿನ್ ಗಾಳಿ ಎಳೆಯುವ ಬಾಯಿ ಮುಚ್ಚುವಂಥ ಅಗಲದ ಮರದ ಹಲಗೆಯೊಂದು ಪಕ್ಕದಲ್ಲೇ ಇರಲಿ. ಫ್ಲೈವೀಲನ್ನು ಶಾಫ್ಟಿಗೆ ಬಿಗಿಯುವ ಬೆಣೆ, ಅಂದರೆ ಕೀ, ಹೊರಗೆ ಚಾಚಿರುತ್ತದೆ, ಪಂಚೆ, ಟವೆಲು, ಸೆರಗು ಸುತ್ತಿಕೊಳ್ಳುವುದು ಅದಕ್ಕೇ.

ಈಗ ಹ್ಯಾಂಡಲ್. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಹಿಡಿಯನ್ನು ಸುತ್ತಿ ಹಿಡಿಯಬೇಡಿ. ಎಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯುವುದು ಹಾಗಿದ್ದಾಗ ಮಾತ್ರ. ಎಕ್ಸಾಸ್ಟ್ ವಾಲ್ವನ್ನು ತೆರೆದು ಹಿಡಿಯುವ ಲಿಫ್ಟರ್ ಎತ್ತಿ ಚಕ್ರಕ್ಕೆ ಚೆನ್ನಾಗಿ ವೇಗ ಕೊಟ್ಟು, ವೇಗ ಇರುವಾಗಲೇ ಲಿಫ್ಟರ್ ಬಿಡಿ. ಹಳೇ ಮಾದರಿಗಳಲ್ಲಿ ಹೆಡ್ಡಿನ ಪಕ್ಕ ಕೈಚಕ್ರದ ವಾಲ್ವೊಂದಿದೆ. ಸ್ಟಾರ್ಟ್ ಮಾಡುವಾಗ ಅದನ್ನು ಪೂರ್ತಿ ಒಳಕ್ಕೆ ಬಿಗಿದರೆ ಕಂಪ್ರೆಷನ್ ಹೆಚ್ಚುತ್ತದೆ, ಬಿಸಿಯಾಗಿ ಲೋಡು ಬಿದ್ದ ಮೇಲೆ ಹೊರಕ್ಕೆ ತಿರುಗಿಸಬೇಕು.

ಹೊರಟಿತೇ? ವೇಗ ನೋಡಲು ಮೀಟರು ಬೇಡ. ಒಂದೊಂದು ಹೊಡೆತಕ್ಕೆ ಕಾಗದದ ಮೇಲೆ ಪೆನ್ಸಿಲಿನಿಂದ ಒಂದೊಂದು ಚುಕ್ಕೆ ಇಡುತ್ತ ಹೋಗಿ. 10 ಸೆಕೆಂಡಿಗೆ 54 ಚುಕ್ಕೆ ಬಿದ್ದರೆ 650 ಸುತ್ತು. ಲೋಡಿಲ್ಲದಾಗ ಒಳಗೆ ಠಕ್ ಠಕ್ ಬಡಿತ ಕೇಳಿಸಿದರೆ ಬಿಗ್‌ಎಂಡ್ (ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗು) ಹೋಯಿತೆಂದು ಎಂಜಿನ್ ಇಳಿಸುವ ಮುನ್ನ ಫ್ಲೈವೀಲಿನ ಕೀ ಸಡಿಲವಾಗಿದೆಯೇ ನೋಡಿ. ಅದೂ ಹಾಗೆಯೇ ಬಡಿಯುತ್ತದೆ, ನುರಿತವರೂ ಇಲ್ಲಿ ಮೋಸ ಹೋಗುತ್ತಾರೆ. ಕೀ ಸಡಿಲವಿದ್ದರೆ ಅಲ್ಲೇ ನಿಲ್ಲಿಸಿ.

ನೀರಿನ ವಿಷಯದಲ್ಲಿ ನಮ್ಮ ಪಂಪ್‌ಸೆಟ್ಟುಗಳ ಪದ್ಧತಿಯೇ ಸರಿಯಿಲ್ಲ. ಡೆಲಿವರಿ ಪೈಪಿನಿಂದ ಒಂದು ಟ್ಯೂಬು ತೆಗೆದು ಬಾವಿಯ ತಣ್ಣೀರನ್ನು ನೇರ ಎಂಜಿನ್ನಿಗೆ ಬಿಡುತ್ತಾರೆ. ತಂಪಾಗಿದ್ದರೆ ಬಾಳಿಕೆ ಹೆಚ್ಚು ಎಂಬ ನಂಬಿಕೆ. ಆಗುವುದು ಉಲ್ಟಾ: ಸಿಲಿಂಡರ್ ಗೋಡೆಯ ಮೇಲೆ ತೇವ ಕಟ್ಟಿ, ಹೊಗೆಯ ಗಂಧಕದ ಜೊತೆ ಸೇರಿ ಆಮ್ಲವಾಗಿ ಬೋರು ಸವೆಯುತ್ತದೆ. ವಾಲ್ವು ಅರ್ಧ ಮುಚ್ಚಿ, ಹೊರಬರುವ ನೀರಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕೈ ಒಡ್ಡಲಾಗದಷ್ಟು ಬಿಸಿ ಬರುವಂತೆ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯದು 200 ಲೀಟರಿನ ಡ್ರಮ್ಮು. ಅದರ ತಳದಿಂದ ಎಂಜಿನ್ನಿನ ಕೆಳಬಾಯಿಗೆ ಒಂದು ಪೈಪು, ಎಂಜಿನ್ನಿನ ಮೇಲ್ಬಾಯಿಂದ ಡ್ರಮ್ಮಿನ ಮೇಲ್ಭಾಗಕ್ಕೆ ಏರುತ್ತ ಹೋಗುವ ಇನ್ನೊಂದು. ಬಿಸಿನೀರು ತಾನಾಗಿ ಮೇಲೇರಿ ಸುತ್ತು ಹೊಡೆಯುತ್ತದೆ, ಪಂಪು ಬೇಕಿಲ್ಲ. ಆದರೆ ಡ್ರಮ್ಮಿನ ನೀರು ಮೇಲಿನ ಪೈಪಿನ ಬಾಯಿಗಿಂತ ಕೆಳಗಿಳಿದರೆ ಆ ಸುತ್ತಾಟ ಅಲ್ಲಿಗೇ ನಿಂತುಹೋಗುತ್ತದೆ.

ಮೊದಲ ಐದಾರು ಗಂಟೆ ಓಡಿದ ಮೇಲೆ ಆಯಿಲ್ ಪೂರ್ತಿ ಬದಲಿಸಿ. ನಿಲ್ಲಿಸುವಾಗ ಡೀಸೆಲ್ ಕಾಕ್ ಮುಚ್ಚಿ ನಿಲ್ಲಿಸಬೇಡಿ, ದಾರಿಯೆಲ್ಲ ಬರಿದಾಗಿ ಮತ್ತೆ ಏರ್ ಹಿಡಿಯುತ್ತದೆ. ಪಂಪಿನ ಕಡ್ಡಿಯನ್ನು ಎಳೆದು ಹಿಡಿಯಿರಿ, ಚಕ್ರ ತಾನಾಗಿ ನಿಲ್ಲಲಿ. ನಿಂತ ಮೇಲೆ ಕೈಯಿಂದ ಫ್ಲೈವೀಲನ್ನು ತಿರುಗಿಸಿ, ಕಂಪ್ರೆಷನ್ ಬಿಗಿ ಕೈಗೆ ತಾಗುವ ಜಾಗದಲ್ಲಿ ಬಿಡಿ. ಅಲ್ಲಿ ಎರಡು ವಾಲ್ವೂ ಮುಚ್ಚಿರುತ್ತವೆ, ಮಳೆಗಾಲದ ಗಾಳಿ ಬೋರಿನೊಳಕ್ಕೆ ಇಳಿಯುವುದಿಲ್ಲ.

ನಮಸ್ಕಾರ.