ಹಾಲು ಹಳದಿಯಾದ ದಿನ

ಕೇಳುಗರಿಗೆ ನಮಸ್ಕಾರ. ಮಾತ್ರೆ ಹೆಚ್ಚಾದರೆ ಹೃದಯಕ್ಕೆ, ನರಗಳಿಗೆ ಏನಾಗುತ್ತದೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು: ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ.

ಒಬ್ಬರು ಅಜ್ಜ, ಎಪ್ಪತ್ತು ದಾಟಿತ್ತು. ಎರಡು ವಾರದಿಂದ ಊಟ ಸೇರದು, ಮುದ್ದೆ ಕಂಡರೆ ಓಕರಿಕೆ. ಮನೆಯವರು ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಕೊಟ್ಟರು. ಒಂದು ಬೆಳಿಗ್ಗೆ ಹಾಲಿನ ಲೋಟ ನೋಡಿ, "ಇದಕ್ಯಾಕಮ್ಮ ಅರಿಶಿನ ಹಾಕಿದೆ?" ಅಂತ ಸೊಸೆಯನ್ನು ಗದರಿದರು. ಅರಿಶಿನ ಹಾಕಿರಲೇ ಇಲ್ಲ. ಗೋಡೆಯ ಸುಣ್ಣವೂ ಹಳದಿ, ಉಟ್ಟ ಪಂಚೆಯೂ ಹಳದಿ. ಸಂಜೆಗೆ ಮಗನನ್ನೇ "ಯಾರಪ್ಪಾ ನೀನು?" ಅಂದರು. ಅರಳುಮರಳು ಅಂತ ಮನೆಯಲ್ಲಿ ತೀರ್ಮಾನವಾಯಿತು.

ನಾನು ಕೈ ಹಿಡಿದು ನೋಡಿದರೆ ನಾಡಿ ನಿಮಿಷಕ್ಕೆ 38. ಸುಮ್ಮನೆ ಕೂತಾಗ 60ರಿಂದ 100 ಇರಬೇಕು. ಯಾವ ಮಾತ್ರೆ ಕೊಡ್ತಿದ್ದೀರಿ? "ಬಿಳೀದು ಸಾರ್, ಚಿಕ್ಕದು." ಎಷ್ಟೋ ಮಾತ್ರೆಗಳು ಬಿಳಿಯವೇ, ನಾನೇನು ಮಾಡಲಿ! ಐದು ವರ್ಷ ಹಳೆಯ ಎಕ್ಸ್-ರೇ ತಂದಿದ್ದರು, ಮಾತ್ರೆ ತಂದಿರಲಿಲ್ಲ. ಮೊಮ್ಮಗ ಬೈಕಿನಲ್ಲಿ ಹೋಗಿ ಬಿಸ್ಕತ್ತಿನ ಡಬ್ಬಿ ತಂದ. ಒಳಗೆ ಎರಡು ಶೀಟು. ಒಂದು ಹಳೇ ಡಾಕ್ಟರು ಬರೆದದ್ದು, ಇನ್ನೊಂದು ಹೊಸಬರು ಬರೆದದ್ದು. ಮೇಲಿನ ಹೆಸರು ಬೇರೆ ಬೇರೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಎರಡರ ಮೇಲೂ ಒಂದೇ ಔಷಧಿಯ ಹೆಸರು: ಡಿಗಾಕ್ಸಿನ್, ಹೃದಯದ ಮಾತ್ರೆ. ಅಜ್ಜ ಬೆಳಿಗ್ಗೆ ಅದು, ರಾತ್ರಿ ಇದು ನುಂಗುತ್ತಿದ್ದರು.

ಈ ಔಷಧಿ ಬರುವುದು ಫಾಕ್ಸ್‌ಗ್ಲೋವ್ ಜಾತಿಯ ಗಿಡದ ಎಲೆಯಿಂದ. ಆ ಎಲೆ ಹೆಚ್ಚಾದರೆ ವಾಂತಿ, ನಿಧಾನ ನಾಡಿ, ಕಣ್ಣಿಗೆ ಎಲ್ಲ ಹಳದಿ-ಹಸಿರು ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿಟ್ಟಿದ್ದ. ಸೋತ ಹೃದಯಕ್ಕೆ ಬಲ ಕೊಡುವ ಮಾತ್ರೆಯೇ ಅಳತೆ ಮೀರಿದರೆ ಹೃದಯದ ಲಗಾಮಾದ ವೇಗಸ್ ನರವನ್ನು ಜಗ್ಗುತ್ತದೆ. ಬಡಿತ ಇಳಿಯುತ್ತದೆ, ತಾಳ ತಪ್ಪುತ್ತದೆ. ಕಿಡ್ನಿ ಸೋತವರಲ್ಲಂತೂ ಅದು ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ.

ಮಾತ್ರೆ ನಿಲ್ಲಿಸಿ, ಐದು ದಿನ ಮಾನಿಟರ್ ಹಾಕಿ ಮಲಗಿಸಿದೆವು. ಆರನೇ ದಿನ ಹಾಲು ಬಿಳಿಯಾಯಿತು.

ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆಗಳ ವಿಷಯವೂ ಹೇಳಬೇಕಿತ್ತು, ಕೊಟ್ಟ ಸಮಯ ಅಜ್ಜನಿಗೇ ಹೋಯಿತು. ನಿನ್ನೆಯದು ಮರೆತಿರೆಂದು ಇವತ್ತು ಎರಡು ನುಂಗಬೇಡಿ. ಯಾರಾದರೂ ಹೆಚ್ಚು ನುಂಗಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಹತ್ತುವವರ ಕೈಯಲ್ಲಿ ಆ ಬಿಸ್ಕತ್ತಿನ ಡಬ್ಬಿ ಇರಲಿ. ಎಕ್ಸ್-ರೇ ಆಮೇಲೆ ತಂದರೂ ನಡೆಯುತ್ತದೆ. ನಮಸ್ಕಾರ.