ಬಟಾಟಿ ಪಲ್ಯದ ಮಗ್ಗಲಿಗೆ ಏನಿರಬೇಕು

ಕೇಳುಗರಿಗೆಲ್ಲಾ ನಮಸ್ಕಾರ್ರೀ.

ಈ ಹೊತ್ತಿಗೆ ನಿಮ್ಮಲ್ಲಿ ಭಾಳ ಮಂದಿ ಅಡಗಿಮನ್ಯಾಗ ಇರ್ತೀರಿ. ಕುಕ್ಕರ್ ಎರಡು ಸೀಟಿ ಹೊಡದಿರತೈತಿ. ಒಳಗ ನಾಕು ಬಟಾಟಿ ಕುದ್ಯಾಕತ್ತಿರತಾವು. ನಾನು ಇವತ್ತು ಮಾತಾಡೂದು ನಿಮ್ಮ ಜೋಡಿನ.

ಬಟಾಟಿ ಪಲ್ಯ ಅಂದ್ರ ಜೀವಕ್ಕ ಸಮಾಧಾನ ಕೊಡೂ ಪಲ್ಯ. ಮಗಳು ಪರೀಕ್ಷೆ ಬರದು ಬಂದ್ರ ಬಟಾಟಿ ಪಲ್ಯ. ಮಳ್ಯಾಗ ತೋಯಿಸ್ಕೊಂಡು ಬಂದ್ರ ಬಟಾಟಿ ಪಲ್ಯ. ಹೇಳದ ಕೇಳದ ಬೀಗರು ಬಂದು ಕುಂತ್ರ ಬಟಾಟಿ ಪಲ್ಯ. ಎಣ್ಣ್ಯಾಗ ಸಾಸ್ವಿ ಸಿಡಿಸಿ, ಜೀರಗಿ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಷಿಣ ಹಾಕಿ, ಕೈಲೆ ಒಡದ ಬಟಾಟಿ ಸೇರಿಸಿ ಮ್ಯಾಲೆ ಕೊತಂಬ್ರಿ ಉದುರಿಸೂದು. ಅದನ್ನ ನಾನು ನಿಮಗ ಕಲಿಸೂದು ಬ್ಯಾಡ. ನಿಮಗ ಬರತೈತಿ. ನಾನು ಹೇಳೂದು ಒಂದ ಮಾತು. ಬಟಾಟಿ ಮೆತ್ತಗ ಇರತೈತಿ. ಅದಕ್ಕ ಅದರ ಮಗ್ಗಲಿಗೆ ಮೆತ್ತಗ ಇಲ್ಲದ್ದು ಏನಾರ ಇರಬೇಕು. ಹಲ್ಲಿಗೆ ಕೆಲಸ ಕೊಡ್ರಿ. ಇಷ್ಟ ನೆನಪಿಟ್ಟುಕೊಂಡ್ರೂ ಸಾಕು.

ಈ ಮಾತು ನನಗ ಯಾವ ಪುಸ್ತಕದಾಗೂ ಸಿಕ್ಕಿದ್ದಲ್ಲ. ನಾನು ಆಗಲೇ ಹತ್ತು ವರ್ಷದಿಂದ ಶಾಲಿ ಹುಡುಗ್ಯಾರಿಗೆ ಗೃಹವಿಜ್ಞಾನ ಕಲಿಸಾಕತ್ತಿದ್ದೆ. ಆದ್ರೂ ಗೊತ್ತಿರಲಿಲ್ಲ. 1988ರ ಮಳಿಗಾಲ ಅದು. ನಮ್ಮಪ್ಪ ಹೊಲದ ಬದುವಿನ ಮ್ಯಾಲೆ ಜಾರಿ ಬಿದ್ದು ಕಾಲು ಮುರಕೊಂಡ್ರು. ಹುಬ್ಬಳ್ಳಿ ದವಾಖಾನ್ಯಾಗ ಹಾಕಿದ್ವಿ. ತೊಡಿತನಕ ಪ್ಲಾಸ್ಟರ್. ನಾನು ದಿನಾ ಧಾರವಾಡದಿಂದ ಬಸ್ಸಿನ್ಯಾಗ ಡಬ್ಬಿ ತಗೊಂಡು ಹೋಗ್ತಿದ್ದೆ. ಮೂರು ಖಾನೆ ಡಬ್ಬಿ. ಕೆಳಗ ಅನ್ನ, ನಡುವ ಬಟಾಟಿ ಪಲ್ಯ, ಮ್ಯಾಲೆ ತುಪ್ಪ ಹಚ್ಚಿದ ಚಪಾತಿ. ನಮ್ಮಪ್ಪಗ ಬಟಾಟಿ ಪಲ್ಯ ಅಂದ್ರ ಪ್ರಾಣ. ಅದಕ್ಕ ದಿನಾ ಅದನ್ನ ಮಾಡ್ತಿದ್ದೆ, ಪ್ರೀತಿಯಿಂದ ಮಾಡ್ತಿದ್ದೆ. ಮೊದಲನೇ ದಿನ ಎರಡು ಚಪಾತಿ ಉಂಡ್ರು. ಎರಡನೇ ದಿನ ಒಂದು. ನಾಕನೇ ದಿನ ಅರ್ಧ ಚಪಾತಿ ಮುರದು, "ಸಾಕವ್ವಾ, ಬಾಯಿ ಒಲ್ಲೆ ಅಂತೈತಿ" ಅಂತ ಡಬ್ಬಿ ಮುಚ್ಚಿಬಿಟ್ರು. ಅವರು ಡಬ್ಬಿ ಮುಚ್ಚಿದ ಸಪ್ಪಳಕ್ಕ ನನಗ ಕಣ್ಣಾಗ ನೀರು ಬಂತು. ಜಡ್ಡು ಕಾಲಿಂದಲ್ಲ, ಊಟದ್ದು ಅನ್ನಿಸಾಕ ಹತ್ತಿತ್ತು.

ಮಗ್ಗಲ ಮಂಚದ ಮ್ಯಾಲೆ ನವಲಗುಂದ ಕಡಿಂದ ಬಂದ ಒಬ್ಬ ರೈತ ಇದ್ರು. ಅವರ ಹೆಂಡತಿ ಮಂಚದ ಕಾಲಿಗೆ ಒರಗಿ ನೆಲದ ಮ್ಯಾಲೆ ಕುಂತಿರೋರು. ಒಂದು ಬಿಳಿ ಅರಿವಿಯೊಳಗ ಖಡಕ್ ರೊಟ್ಟಿ ಕಟ್ಟಿಕೊಂಡು ಬಂದಿದ್ರು, ಎಂಟು ದಿವಸದ ಬುತ್ತಿ. ಆಕಿ ನಾಕು ದಿವಸದಿಂದ ನಮ್ಮ ಡಬ್ಬಿ ನೋಡಾಕತ್ತಿದ್ರು, ಏನೂ ಅಂದಿರಲಿಲ್ಲ. ಅವತ್ತು ಅಂದ್ರು, "ತಂಗೀ, ಬೈಬ್ಯಾಡ. ಬಟಾಟಿ ಮೆತ್ತಗ, ಚಪಾತಿ ಮೆತ್ತಗ, ಅನ್ನನೂ ಮೆತ್ತಗ. ಅವರ ಹಲ್ಲಿಗೆ ಏನು ಕೆಲಸ ಕೊಟ್ಟೀ?"

ನಾನು ಸುಮ್ಮನ ನಿಂತೆ. ಆಕಿ ಗಂಟು ಬಿಚ್ಚಿದ್ರು. ಅದರೊಳಗ ಒಂದು ಹಳೇ ತಗಡಿನ ಡಬ್ಬಿ, ತುಂಬ ಗುರೆಳ್ಳ ಹಿಂಡಿ, ಅಂದ್ರ ಗುರೆಳ್ಳಿನ ಚಟ್ನಿಪುಡಿ. ಕರ್ರಗ, ಬಳ್ಳೊಳ್ಳಿ ವಾಸನಿ ಘಮ್ಮಂತ ಹೊಡೀತಿತ್ತು. ಒಂದು ಉಳ್ಳಾಗಡ್ಡಿ ತಗದು ನೆಲದ ಮ್ಯಾಲಿಟ್ಟು ಅಂಗೈಲೆ ಒಂದು ಗುದ್ದು ಗುದ್ದಿದ್ರು, ನಾಕು ಹೋಳಾತು. ಸೆರಗಿನ ತುದಿಯೊಳಗ ಕಟ್ಟಿದ್ದ ಎಳೀ ಮೆಂತೆ ತಪ್ಪಲ ಎರಡು ಎಳಿ ತಗದ್ರು. ಅರ್ಧ ಖಡಕ್ ರೊಟ್ಟಿ ಮ್ಯಾಲೆ ನನ್ನ ಬಟಾಟಿ ಪಲ್ಯ ಹಚ್ಚಿ, ಅದರ ಮ್ಯಾಲೆ ಹಿಂಡಿ ಉದುರಿಸಿ, ಮೆಂತೆ ತಪ್ಪಲ ಇಟ್ಟು, "ಯಣ್ಣಾ, ಇದನ್ನ ಉಂಡು ನೋಡ್ರಿ" ಅಂತ ಕೊಟ್ರು.

ಕಟುಮ್ ಅಂತು ರೊಟ್ಟಿ. ಆ ಸಪ್ಪಳ ನನಗ ಇನ್ನೂ ಕೇಳಿಸ್ತೈತಿ. ನಮ್ಮಪ್ಪ ಅಗಿದ್ರು, ನುಂಗಿದ್ರು, ಮತ್ತೊಂದು ತುತ್ತು ಕೇಳಿದ್ರು. ಅವತ್ತು ಡಬ್ಬಿ ಖಾಲಿ. ಪಲ್ಯ ಅದ, ಕೈ ಅದ, ಉಪ್ಪು ಅದ. ಬದಲಾಗಿದ್ದು ಮಗ್ಗಲಿಗೆ ಇಟ್ಟಿದ್ದು ಅಷ್ಟ. ಆ ತಾಯಿ ಹೆಸರು ನಾನು ಕೇಳಲೇ ಇಲ್ಲ. ಮೂರು ದಿನಕ್ಕ ಅವರು ಊರಿಗೆ ಹೋದ್ರು. ಹೋಗುಮುಂದ ಆ ತಗಡಿನ ಡಬ್ಬಿ ನಮ್ಮ ಮಂಚದ ಮ್ಯಾಲೆ ಇಟ್ಟು ಹೋಗಿದ್ರು.

ಈಗ ಕಾರಣ ಹೇಳ್ತೀನಿ ಕೇಳ್ರಿ. ಬಟಾಟಿಯೊಳಗ ಮುಕ್ಕಾಲು ಪಾಲಿಗಿಂತ ಹೆಚ್ಚು ಬರೇ ನೀರು. ಉಳಿದದ್ದು ಬಹುಪಾಲು ಪಿಷ್ಟ. 100 ಗ್ರಾಮ್ ಬಟಾಟಿಯೊಳಗ ಪ್ರೋಟೀನ್ ಇರೂದು 2 ಗ್ರಾಮ್ ಅಷ್ಟ. ಅಷ್ಟ ಶೇಂಗಾದಾಗ ನೋಡ್ರಿ, 25 ಗ್ರಾಮಿನ ಹತ್ರ. ಗುರೆಳ್ಳಿನೊಳಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಎಣ್ಣಿನ ಐತಿ. ಬಟಾಟಿಯೊಳಗ ಇಲ್ಲದ್ದು ಹಿಂಡಿಯೊಳಗ ಐತಿ. ಕುದಿಸಿದ್ದರಾಗ ಹೋಗಿದ್ದು ಹಸೀ ತಪ್ಪಲದಾಗ ಐತಿ. ನಮ್ಮ ಹಿರ್ಯಾರು ಇದನ್ನ ಅಳದು ನೋಡಿರಲಿಲ್ಲ. ತಾಟಿನ್ಯಾಗ ಬಡಿಸಿ ಇಟ್ಟಿದ್ರು. ನಮ್ಮ ಯಾವ ಖಾನಾವಳಿಗೆ ಹೋಗಿ ಕುಂದರ್ರಿ, ಪಲ್ಯ ಬರೂಕಿಂತ ಮೊದಲ ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೆಂತೆ ತಪ್ಪಲ, ಹಿಂಡಿ ಬಂದು ಕುಂತಿರತಾವು. ಮನ್ಯಾಗ ಮಾತ್ರ ನಾವು ಅದನ್ನ ಬಿಟ್ಟೀವಿ. ಬಾಟ್ಲಿಯೊಳಗಿನ ಟೊಮೆಟೊ ಸಾಸ್ ಪಲ್ಯದ ಮ್ಯಾಲೆ ಸುರೀತೀವಿ. ದಯವಿಟ್ಟು ಸುರೀಬ್ಯಾಡ್ರಿ. ಅದೂ ಮೆತ್ತಗ, ಮ್ಯಾಲೆ ಸಿಹಿ.

ಗುರೆಳ್ಳ ಹಿಂಡಿ ಮಾಡೂದು ಹಿಂಗ. ಹಳೇ ಮೈಸೂರು ಕಡೆಯವರು ಇದಕ್ಕ ಹುಚ್ಚೆಳ್ಳು ಅಂತಾರ, ಅದ ಇದು. ಒಂದು ಬಟ್ಟಲ ಗುರೆಳ್ಳು ಹಸನ ಮಾಡ್ರಿ, ಮಣ್ಣಿನ ಹರಳು ಭಾಳ ಇರತಾವು. ದಪ್ಪ ತಳದ ಬಾಣಲಿಯೊಳಗ ಸಣ್ಣ ಉರಿ ಮ್ಯಾಲೆ ಹುರೀರಿ. ಕೈ ಬಿಡಬ್ಯಾಡ್ರಿ. ಮೊದಲ ಸುಮ್ಮನ ಇರತಾವು, ಆಮ್ಯಾಲೆ ಚಟಚಟ ಅಂತ ಸಪ್ಪಳ ಶುರು ಆಗತೈತಿ. ಆ ಸಪ್ಪಳ ಕಡಿಮಿ ಆದ ಕೂಡ್ಲೆ ಇಳಸ್ರಿ. ಕಾಳು ಮೊದಲ ಕರಿಬಣ್ಣದ್ದು, ಹೊತ್ತಿದ್ರ ಕಣ್ಣಿಗೆ ಕಾಣೂದಿಲ್ಲ. ಕಿವಿಲೇ ಹುರೀಬೇಕು. ಆರಿದ ಮ್ಯಾಲೆ ಹತ್ತು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಗಿ, ಎರಡು ಚಮಚ ಕೆಂಪು ಖಾರದ ಪುಡಿ, ಉಪ್ಪು, ಹುಣಸಿಹಣ್ಣು ಚೂರು, ಬೆಲ್ಲ ಚೂರು ಹಾಕಿ ಕುಟ್ಟರಿ. ಒಳಕಲ್ಲು ಇದ್ರ ಒಳಕಲ್ಲಿನ್ಯಾಗ. ಮಿಕ್ಸರ್ ಆದ್ರ ನಿಂದರಿಸಿ ನಿಂದರಿಸಿ ತಿರುವ್ರಿ. ಒಂದ ಸಲಕ್ಕ ತಿರುವಿದ್ರ ಎಣ್ಣಿ ಬಿಟ್ಟು ಮುದ್ದಿ ಆಗತೈತಿ, ಮತ್ತ ಮೆತ್ತಗ ಆತು. ತರಿತರಿ ಇರಬೇಕು. ಹಲ್ಲಿಗೆ ಕೆಲಸ ಕೊಡಬೇಕು. ಗಾಜಿನ ಡಬ್ಬ್ಯಾಗ ಹಾಕಿಟ್ರ ಹದಿನೈದು ದಿವಸ ಚಿಂತಿ ಇಲ್ಲ.

ಆಮ್ಯಾಲೆ ಪಚಡಿ. ಎಳೀ ಮೆಂತೆ ತಪ್ಪಲ ಸಣ್ಣಗ ಹೆಚ್ಚರಿ. ಅದಕ್ಕ ಉಳ್ಳಾಗಡ್ಡಿ, ಸೌತಿಕಾಯಿ, ಸಿಕ್ರ ಮೂಲಂಗಿ ಸೇರಸ್ರಿ. ಎರಡು ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳ ಪುಡಿ, ಉಪ್ಪು, ಅರ್ಧ ನಿಂಬಿಹಣ್ಣಿನ ರಸ, ಮ್ಯಾಲೆ ಒಗ್ಗರಣಿ. ಮೆಂತೆ ಕಹಿ ಆಗತೈತಿ ಅಂತ ಹುಡುಗ್ರು ತಿನ್ನೂದಿಲ್ಲ ಅಂತೀರಿ. ಶೇಂಗಾ ಪುಡಿ ಬಿದ್ದ ಮ್ಯಾಲೆ ಆ ಕಹಿ ಎಲ್ಲಿ ಹೋತು ಅಂತ ನೀವ ಹುಡಕ್ರಿ. ಉಪ್ಪು ಮಾತ್ರ ಊಟಕ್ಕ ಕುಂದರೂ ಮುಂದ ಹಾಕ್ರಿ. ಮೊದಲ ಹಾಕಿಟ್ರ ನೀರು ಬಿಟ್ಟು ಸಪ್ಪಗ ಆಗತೈತಿ.

ಗಾಜಿನ ಆಚೆಯಿಂದ ಐದು ನಿಮಿಷಂತ ಕೈ ತೋರಸಾಕತ್ತಾರ. ರಂಜಕದ ಮಾತು, ಅಂದ್ರ ಕೆಂಪು ಮೆಣಸಿನಕಾಯಿ ಚಟ್ನಿ ಮಾತು, ಬಿಡಾಕ ಆಗೂದಿಲ್ಲ, ಲಗೂನ ಹೇಳ್ತೀನಿ. ಬ್ಯಾಡಗಿ ಮೆಣಸಿನಕಾಯಿ ಹಾವೇರಿ ಜಿಲ್ಲೆಯ ಹೆಮ್ಮೆ. ಬಣ್ಣ ಭಾಳ, ಖಾರ ಕಡಿಮಿ. 2011ರಾಗ ಅದಕ್ಕ ಭೌಗೋಳಿಕ ಗುರುತು, ಅಂದ್ರ ಜಿ.ಐ. ಟ್ಯಾಗ್, ಸಿಕ್ಕೈತಿ. ಚಳಿಗಾಲದಾಗ ಹಸೀ ಕೆಂಪು ಮೆಣಸಿನಕಾಯಿ ಸಿಕ್ಕಾಗ ಬಳ್ಳೊಳ್ಳಿ, ಉಪ್ಪು, ನಿಂಬಿರಸ, ಒಂಚೂರು ಹುರದ ಮೆಂತೆ ಪುಡಿ ಹಾಕಿ ಅರದು ಭರಣಿಯೊಳಗ ತುಂಬ್ರಿ. ಬಟಾಟಿ ಪಲ್ಯದ ಜೋಡಿ ಕಿರುಬೆರಳಿನ ತುದಿಯಷ್ಟು ಸಾಕು. ಬಟಾಟಿ, ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದವು. 1510ರಾಗ ಗೋವಾ ಹಿಡಿದ ಪೋರ್ತುಗೀಸರು ಅವನ್ನ ಈ ಕಡೆ ತಂದ್ರು. ಬಟಾಟಿ ಅನ್ನೂ ಶಬ್ದನೂ ಅವರ 'ಬಟಾಟಾ'ದಿಂದಲೇ ಬಂದದ್ದು. ಒಂದ ದಾರಿಲೆ ಬಂದ ಇಬ್ಬರೂ ಒಂದ ತಾಟಿನ್ಯಾಗ ಚಂದ ಕಾಣತಾರ.

ಮೊಸರು ಇರ್ಲಿ, ಆದ್ರ ಮೊಸರೊಂದ ಸಾಲೂದಿಲ್ಲ, ಅದೂ ಮೆತ್ತಗ. ಅದರೊಳಗ ಹಿಂಡಿ ಕಲಸ್ರಿ. ಅನ್ನಕ್ಕ ಕಟ್ಟಿನ ಸಾರು ಮಾಡಿದ್ರ ಹುಳಿ, ಖಾರ ಎರಡೂ ಬಂದ್ವು, ಜೋಡಿ ಒಂದು ಸುಟ್ಟ ಹಪ್ಪಳ ಇಡ್ರಿ. ನೆನೆಸಿದ ಹೆಸರುಬ್ಯಾಳಿ ಕೋಸಂಬರಿನೂ ನಡೀತೈತಿ, ಬ್ಯಾಳಿ ಹಸೀದ ಇರಬೇಕು.

ಹಕ್ಕರಕಿ ಬಗ್ಗೆ ಹೇಳೂದು ಉಳೀತು. ಸಂತ್ಯಾಗ ಮುದುಕ್ಯಾರು ಬುಟ್ಟಿಯೊಳಗ ತಂದು ಮಾರ್ತಾರ, ಹೊಲದಾಗ ತಾನ ಹುಟ್ಟೂ ತಪ್ಪಲ. ಕಂಡ್ರ ಒಂದು ಸಿವುಡು ತಗೋರಿ. ಎರಿ ಮಣ್ಣು ಬೇರಿಗೆ ಬಿಗಿಯಾಗಿ ಹಿಡಕೊಂಡಿರತೈತಿ. ಬೇರು ಕೊಯ್ದು ತಗದು, ಉಪ್ಪಿನ ನೀರಾಗ ಹತ್ತು ನಿಮಿಷ ನೆನೆಸಿ, ಮೂರು ನೀರಾಗ ತೊಳೀರಿ. ಹೆಚ್ಚಬ್ಯಾಡ್ರಿ, ಹಂಗ ಎಲಿಗೆ ಎಲಿ ಬಡಸ್ರಿ. ಇಷ್ಟೊತ್ತಿಗೆ ನಿಮ್ಮ ಬಟಾಟಿ ಬೆಂದಿರಬೇಕು, ಕುಕ್ಕರ್ ಇಳಸ್ರಿ. ನಮಸ್ಕಾರ.