ಓದುವುದಕ್ಕೂ ಹೆಕ್ಕುವುದಕ್ಕೂ ಒಂದೇ ಮಾತು

ಇದು ಜರ್ಮನಿಯ ರೈನ್‌ಗೌ. ಮೇಲೆ ಕಾಣುವ ಹಳದಿ ಕಟ್ಟಡ ಯೋಹಾನಿಸ್‌ಬೆರ್ಗ್ ಅರಮನೆ. ಕೆಳಗೆ ರೈನ್ ನದಿ. ನಡುವೆ ಇಳಿಜಾರಿನ ತುಂಬ ರೀಸ್ಲಿಂಗ್ ದ್ರಾಕ್ಷಿ.

ದಾರಿಯಲ್ಲಿ ಒಂದು ಬೋರ್ಡ್ ಸಿಕ್ಕಿತು, 'ವೈನ್‌ಲೇಝೆ' ಅಂತ, ಅಂದರೆ ದ್ರಾಕ್ಷಿ ಕೊಯ್ಲು. ಸುಮ್ನೆ ನಿಂತುಬಿಟ್ಟೆ. 'ಲೇಝನ್' ಅಂದರೆ ಓದುವುದು, ಜರ್ಮನ್ ತರಗತಿಯಲ್ಲಿ ಮೊದಮೊದಲು ಕಲಿತ ಕ್ರಿಯಾಪದ. ದ್ರಾಕ್ಷಿಯನ್ನು ಓದುವುದು ಹೇಗೆ?

ಓದು ಆಮೇಲೆ ಬಂದ ಅರ್ಥವಂತೆ. ಮೊದಲಿನದು ಹೆಕ್ಕುವುದು, ಆಯುವುದು. ಜರ್ಮನ್ನಿನ ಹಳೆಯ ನೆಂಟ ಗೋಥಿಕ್ ಭಾಷೆ. ಅದಕ್ಕೆ 4ನೇ ಶತಮಾನದಲ್ಲಿ ಬೈಬಲ್ ಅನುವಾದವಾಯಿತು. 'ಮುಳ್ಳುಗಿಡದಲ್ಲಿ ದ್ರಾಕ್ಷಿ ಕೀಳುತ್ತಾರೆಯೇ?' ಎಂಬ ಮಾತು ಬರುತ್ತದಲ್ಲ, ಅಲ್ಲಿ ಇದೇ ಪದವಿದೆ, 'ಲಿಸನ್' ರೂಪದಲ್ಲಿ. ಆಗಲೂ ದ್ರಾಕ್ಷಿಯೇ! ಓದುವುದಕ್ಕೆ ಗೋಥಿಕ್‌ನಲ್ಲಿ ಬೇರೆ ಪದವಿತ್ತು, ಹಾಡುವ ಮಾತಿನಿಂದ ಹುಟ್ಟಿದ್ದು. ಹಳೆಯ ಜರ್ಮನ್‌ಗೆ ಬರುವಷ್ಟರಲ್ಲಿ ಎರಡೂ ಅರ್ಥ ಒಂದೇ ಪದದಲ್ಲಿ ಕೂತಿವೆ. ಲ್ಯಾಟಿನ್‌ನ 'ಲೆಗೆರೆ' ಕೂಡ ಹಾಗೆಯೇ, ಆಯುವುದೂ ಹೌದು, ಓದುವುದೂ ಹೌದು.

ಇಲ್ಲಿ ಕುದುರೆ ಸವಾರನ ಪ್ರತಿಮೆ ಇದೆ, ನೋಡಿ. 1775ರಲ್ಲಿ ಈ ತೋಟ ಫುಲ್ಡಾ ಮಠದ್ದು. ಕೊಯ್ಲಿಗೆ ಅಲ್ಲಿಂದ ಅಪ್ಪಣೆ ಬರಬೇಕು. ಆ ವರ್ಷ ಅಪ್ಪಣೆ ತರುವ ಸವಾರ ತುಂಬಾ ತಡವಾಗಿ ಬಂದನಂತೆ. ಅಷ್ಟರಲ್ಲಿ ಹಣ್ಣಿಗೆ ಬೂಸ್ಟು ಹಿಡಿದಿತ್ತು. ಆದರೂ ಕೊಯ್ದರು. ವೈನ್ ಮಾತ್ರ ಅದ್ಭುತವಾಗಿತ್ತು. ತಡವಾದ ಕೊಯ್ಲಿನ ವೈನಿಗೆ ಇಂದಿಗೂ 'ಶ್ಪೇಟ್‌ಲೇಝೆ' ಅಂತಲೇ ಹೆಸರು.

ನನಗೆ ಜಾಸ್ತಿ ಹಿಡಿಸಿದ್ದು 'ಏರನ್‌ಲೇಝೆ'. ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆಯುವುದು. ನಾವು ಹಕ್ಕಲು ಆಯುವುದು ಅನ್ನುತ್ತೇವಲ್ಲ, ಅದೇ! ನಮ್ಮ ಅಜ್ಜಿ ರಾಗಿ ಹೊಲದಲ್ಲಿ ಬಗ್ಗಿ ಒಂದೊಂದೇ ತೆನೆ ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಹೊಸ ಭಾಷೆಯ ಪುಟದಲ್ಲಿ ನಾನೂ ಹಾಗೆಯೇ. ಅಕ್ಷರ ಹೆಕ್ಕಬೇಕು, ಪದ ಹೆಕ್ಕಬೇಕು, ಕೊನೆಗೆ ಒಂದು ವಾಕ್ಯ ಮಡಿಲಿಗೆ ಬೀಳುತ್ತದೆ.

ಈಗ ಓದುತ್ತಿರುವುದು ಗ್ರಿಮ್ ಸಹೋದರರ ಸಿಂಡರೆಲಾ ಕಥೆ. ಮಲತಾಯಿ ಬೂದಿಯಲ್ಲಿ ಬೇಳೆಕಾಳು ಚೆಲ್ಲಿ, ಆರಿಸು ಅನ್ನುತ್ತಾಳೆ. ಅಲ್ಲಿರುವ ಕ್ರಿಯಾಪದ 'ಔಸ್‌ಲೇಝನ್'. ಪುಸ್ತಕವನ್ನು ಕೊನೆಯವರೆಗೆ ಓದಿ ಮುಗಿಸುವುದಕ್ಕೂ ಅದೇ ಮಾತು. ಪಾರಿವಾಳಗಳು ಬಂದು ಅವಳ ಕಾಳು ಆರಿಸಿಕೊಟ್ಟವು. ನನಗಿನ್ನೂ ಮೂರು ಪುಟ ಬಾಕಿ ಇದೆ.